ಗೋಣಿನ ಮಾತು

"ಅಕ್ಕಾ, ಆ ಕೊನೇ ಸಾಲು ಹೊಡೆದುಹಾಕು. ಈಗ್ಲೇ. ಇಲ್ಲಾಂದ್ರೆ ಈ ಕಾಗದಾನೇ ಒಲೆಗೆ ಹಾಕ್ತೀನಿ!"

"ಹಾಕು. ಒಂದು ಸಾಲು ತಾನೇ, ಬಾಯಿಪಾಠ ಆಗಿದೆ. ಇನ್ನೊಂದು ಕಾಗದದಲ್ಲಿ ಬರೀತೀನಿ."

"ಒಡಹುಟ್ಟಿದವಳು ನೀನು! ನನ್ನ ಕುತ್ತಿಗೆಗೆ ನೀನೇ ಕೂತು ಹಗ್ಗ ಹೊಸೀತಿದ್ದೀಯಲ್ಲ, ನಾಚಿಕೆ ಆಗಲ್ವಾ?"

"ನಾಚಿಕೆ ಮಾತು ನೀನು ಆಡಬೇಡ, ಸ್ತಮಾತ್. ಕೂತ್ಕೋ, ಇಲ್ಲಾ ಆಚೆ ಹೋಗು. ಬೆಳಕಿಗೆ ಅಡ್ಡ ನಿಂತಿದ್ದೀಯ."

ರುಸಾ ತಲೆ ಎತ್ತದೆ ಮೀನು ಶುಚಿ ಮಾಡುತ್ತಿದ್ದಳು. ಬೆರಳುದ್ದದ ಮೀನುಗಳು, ಕಿವಿರಿನ ಹತ್ತಿರ ಉಗುರಿನಿಂದ ಚಿವುಟಿ ಎಳೆದರೆ ತಲೆಯೂ ಕರುಳೂ ಒಟ್ಟಿಗೇ ಬರುತ್ತವೆ. ಬುದ್ಧಿ ತಿಳಿದಾಗಿನಿಂದ ಮಾಡಿದ ಕೆಲಸ. ಒಂದು ಮುಳ್ಳು ಉಗುರಿನ ಸಂದಿಗೆ ಚುಚ್ಚಿತ್ತು. ಚುಚ್ಚಿದೆ ಎಂದು ಅವಳಿಗೆ ಗೊತ್ತಾದದ್ದು ಬೋಗುಣಿಯ ನೀರಿಗೆ ಕೆಂಪು ಇಳಿದ ಮೇಲೆ. ಹೋದ ಬೇಸಿಗೆಯಿಂದ ಅವಳಿಗೆ ಹೀಗೇ. ಬಾಣಲೆ ಮುಟ್ಟಿದರೂ ಸುಟ್ಟ ವಾಸನೆ ಬಂದಮೇಲೇ ಕೈ ತೆಗೆಯುತ್ತಾಳೆ. ಮೊದಲು ಹೀಗಿರಲಿಲ್ಲ. ಮೊದಲು ಅವಳ ಬಾಯಿಗೆ ಬೀದಿಯೇ ಹೆದರುತ್ತಿತ್ತು.

ಮೇಜಿನ ಮೇಲಿದ್ದ ಕಾಗದ ಪುರಸಭೆಯದು. ದಂಡೆಗೆ ಇಳಿಯುವ ಮೆಟ್ಟಿಲ ಬಳಿ ಪರದೇಶದ ಪ್ರವಾಸಿಗರಿಗೆಂದು ಒಂದು ಫಲಕ ನಿಲ್ಲಿಸಬೇಕೆಂದು ಈ ವರ್ಷ ತೀರ್ಮಾನವಾಗಿತ್ತು. ಬಿಸಿಲಲ್ಲಿ ಟೋಪಿ ಹಾಕಿ, ನೀರು ಕುಡಿಯುತ್ತಿರಿ ಎಂದಿತ್ತು ಅದರಲ್ಲಿ. ಮರಳುದಿಬ್ಬದ ಹುಲ್ಲಿನಲ್ಲಿ ಉಣ್ಣಿ ಕಚ್ಚುತ್ತವೆ, ಬರಿಗಾಲಲ್ಲಿ ನುಗ್ಗಬೇಡಿ ಎಂದಿತ್ತು. ಬೀದಿನಾಯಿಗೆ ಬ್ರೆಡ್ಡು ಹಾಕಬೇಡಿ, ಕುಡಿದು ಸಮುದ್ರಕ್ಕೆ ಇಳಿಯಬೇಡಿ, ಕೆಂಪು ಬಾವುಟ ಹಾರುತ್ತಿದ್ದರೆ ಮೊಣಕಾಲು ಕೂಡ ನೆನೆಸಬೇಡಿ. ಕೋಣೆ ಬಾಡಿಗೆಗೆ ಕೊಡುವವರಲ್ಲಿ ಹಿರಿಯಳೆಂದು ರುಸಾಳಿಗೆ ಅದನ್ನು ಕೊಟ್ಟು, ಬಿಟ್ಟುಹೋದದ್ದು ಇದ್ದರೆ ಸೇರಿಸು ಎಂದಿದ್ದರು. ಅವಳು ಸೇರಿಸಿದಳು. ಅಡಿಯಲ್ಲಿ, ದಪ್ಪ ಅಕ್ಷರದಲ್ಲಿ: ಇಲ್ಲಿಯವರ ಗೋಣನ್ನು ನಂಬಬೇಡಿ, ಬಾಯಿಬಿಟ್ಟು ಹೇಳಿಸಿಕೊಳ್ಳಿ.

ಬಲ್ಗೇರಿಯದಲ್ಲಿ ಗದ್ದ ಮೇಲಕ್ಕೆ ಎಸೆದು ಗೋಣು ಹಾಕಿದರೆ 'ಇಲ್ಲ' ಎಂದು. ತಲೆಯನ್ನು ಅಡ್ಡಡ್ಡ ಆಡಿಸಿದರೆ 'ಹೌದು' ಎಂದು. ಮೊಲೆಹಾಲು ಕುಡಿಯುವ ಕೂಸಿಗೂ ಅದು ಗೊತ್ತು. ಪರದೇಶದವರಿಗೆ ಇದೆಲ್ಲ ತಿರುಗುಮುರುಗು. ಹಾಗಾಗಿ ಪ್ರವಾಸಿಗರನ್ನು ನಂಬಿ ಬದುಕುವ ಈ ಸಮುದ್ರದ ಬದಿಯ ಜನಕ್ಕೆ ಎರಡು ಕುತ್ತಿಗೆ, ಮನೆಗೊಂದು, ಗಿರಾಕಿಗೊಂದು. ಜರ್ಮನಿಯವನು ಬಂದು ಕಾಫಿ ಇದೆಯಾ ಎಂದರೆ ಅವನ ದೇಶದ ಹಾಗೆ ಗೋಣು ಹಾಕುತ್ತಾರೆ, ಹೊಸಿಲು ದಾಟಿ ಒಳಗೆ ಬಂದು ಹೆಂಡತಿ ಸೂಪು ಬೇಕಾ ಎಂದರೆ ತಮ್ಮ ಹಾಗೆ ಆಡಿಸುತ್ತಾರೆ. ಸ್ತಮಾತ್ ಇದರಲ್ಲಿ ಪಳಗಿದವನು. ದಂಡೆಯ ಕಾವಲೂ ಅವನದೇ, ಗಿರಾಕಿಗಳಿಗೆ ಬಿಸಿಲಿನ ಛತ್ರಿ ನೆಡುವುದೂ ಅವನೇ, ಮುಳುಗುವವರನ್ನು ಎಳೆದು ಹಾಕುವುದೂ ಅವನೇ. ಎಷ್ಟೋ ಜನರನ್ನು ಕೂದಲು ಹಿಡಿದು ಎಳೆದು ತಂದಿದ್ದ. ಒಬ್ಬನನ್ನು ಬಿಟ್ಟು.

"ಓದಿದವರು ಕೇಳಲ್ವಾ?" ಸ್ತಮಾತ್ ಮೇಜು ಗುದ್ದಿದ. "ಈ ಸಾಲು ಯಾಕಪ್ಪಾ ಬಂತು ಅಂತ ಕೇಳಲ್ವಾ? ಹೋದ ವರ್ಷ ಒಬ್ಬ ಹಾಲೆಂಡಿನವನು ಮುಳುಗಿ ಸತ್ತ, ಈ ವರ್ಷ ಫಲಕದಲ್ಲಿ ಈ ಸಾಲು ಬಂತು. ಎರಡೂ ಸೇರಿಸೋಕೆ ಪ್ರೊಫೆಸರೇ ಬೇಕಾ?"

"ಸೇರಿಸ್ಲಿ."

"ಸೇರಿಸ್ಲಿ ಅಂತೆ! ನನ್ನನ್ನ ಕರ್ಕೊಂಡು ಹೋಗಿ ಕೂರಿಸಿದ್ರೆ ಬುತ್ತಿ ತರ್ತೀಯಾ?"

"ತರ್ತೀನಿ."

ಈ ತಣ್ಣನೆಯ ಮಾತಿಗೆ ಸ್ತಮಾತ್ ಇನ್ನಷ್ಟು ಕೆರಳಿದ. ಅಕ್ಕ ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಸಣ್ಣವನಿದ್ದಾಗ ಸೌಟಿನಿಂದ ಹೊಡೆದವಳು, ಹೊಡೆದು ಆಮೇಲೆ ಅತ್ತವಳು. ಈಗ ಎರಡೂ ಇಲ್ಲ.

"ನಾನು 'ಬೇಡ' ಅಂದೆ ಅಕ್ಕಾ," ಎಂದ, ದನಿ ಇಳಿಸಿ. "ದೇವರಾಣೆ, ಬೇಡ ಅಂದೆ. ಪೊಲೀಸರಿಗೂ ಅದನ್ನೇ ಹೇಳ್ದೆ. ಸುಳ್ಳಾ ಅದು?"

"ಸುಳ್ಳಲ್ಲ."

"ಮತ್ತೆ?"

"ಬೇಡ ಅಂದದ್ದು ನಿನ್ನ ಗೋಣು. ಬಾಯಲ್ಲ."

"ಬಾಯಲ್ಲಿ ಹಗ್ಗ ಇತ್ತು! ಎರಡು ಕೈಯಲ್ಲೂ ಛತ್ರಿಕಂಬ! ಇನ್ನೆಲ್ಲಿಂದ ಹೇಳಲಿ, ತಿಕದಿಂದಲಾ?"

ರುಸಾ ಅಲ್ಲೇ ಇದ್ದಳು, ಹೋದ ಬೇಸಿಗೆಯ ಆ ಬೆಳಿಗ್ಗೆ. ತಮ್ಮನಿಗೆ ಬಿಸಿ ಚೀಸ್ ರೊಟ್ಟಿ ತಂದು ದಂಡೆಯಲ್ಲಿ ನಿಂತಿದ್ದಳು. ಹಿಂದಿನ ಎರಡು ದಿನ ಬಿರುಗಾಳಿ. ಆ ಬೆಳಿಗ್ಗೆ ಗಾಳಿ ಬಿದ್ದುಹೋಗಿತ್ತು, ನೀರು ಎಣ್ಣೆ ಸುರಿದ ಹಾಗೆ ನುಣ್ಣಗಿತ್ತು. ಊರಿನವರು ಅದಕ್ಕೆ ಸತ್ತ ಅಲೆ ಎನ್ನುತ್ತಾರೆ. ಮೇಲೆ ಸತ್ತಂತೆ ಕಾಣುತ್ತದೆ, ಕೆಳಗಿನ ಸೆಳೆತ ಮಾತ್ರ ಬದುಕಿರುತ್ತದೆ. ಅಂಥ ದಿನ ಮೀನುಗಾರರೂ ಪಾದ ಇಡುವುದಿಲ್ಲ. ಬಾವುಟ ಏರಿಸುವ ಹೊತ್ತು ಇನ್ನೂ ಆಗಿರಲಿಲ್ಲ.

ಅವಳ ಮನೆಯ ಮೇಲಿನ ಕೋಣೆಯಲ್ಲಿ ಹೆಂಡತಿಯೊಂದಿಗೆ ಇಳಿದಿದ್ದ ಹೆರಿಟ್ ಎಂಬ ಆ ಹಾಲೆಂಡಿನವನು, ಹೆಂಡತಿ ಇನ್ನೂ ಮಲಗಿದ್ದಾಗಲೇ, ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದ. ಎತ್ತರದ, ಬೋಳುತಲೆಯ, ನಗುಮುಖದವನು. ಸಮುದ್ರ ತೋರಿಸಿ ಸ್ತಮಾತನನ್ನು ಕೇಳಿದ: "ಮೋಝೆ?"

ಹೋಗಬಹುದಾ ಎಂದು. ಊರಿನದೇ ಮಾತಿನಲ್ಲಿ, ಊರಿನವನ ಹಾಗೇ ಎಳೆದು.

ಅಲ್ಲೇ ಕೆಟ್ಟಿತು. ಅವನು ಇಂಗ್ಲಿಷಿನಲ್ಲೋ ಜರ್ಮನಿನಲ್ಲೋ ಕೇಳಿದ್ದರೆ ಸ್ತಮಾತನ ಗಿರಾಕಿ ಕುತ್ತಿಗೆ ಆಡುತ್ತಿತ್ತು. ಮನೆಯ ಮಾತಿನಲ್ಲಿ ಕೇಳಿದ. ಮನೆಯ ಕುತ್ತಿಗೆ ಆಡಿತು. ಹಲ್ಲಿನಲ್ಲಿ ಹಗ್ಗ ಕಚ್ಚಿಕೊಂಡೇ ಸ್ತಮಾತ್ ಗದ್ದ ಮೇಲಕ್ಕೆ ಎಸೆದ. ಆ ಮನುಷ್ಯ ಕೈ ಜೋಡಿಸಿದ ಹಾಗೆ ಮಾಡಿ, ಥ್ಯಾಂಕ್ಸ್ ಹೇಳಿ, ನಕ್ಕು ಹೋದ. ಬೇಡ ಅಂದದ್ದಕ್ಕೂ ಎಷ್ಟು ಮರ್ಯಾದೆಯಾಗಿ ಥ್ಯಾಂಕ್ಸ್ ಹೇಳ್ತಾನಪ್ಪಾ ಎಂದುಕೊಂಡಳು ರುಸಾ. ಸ್ತಮಾತ್ ಬೆನ್ನು ತಿರುಗಿಸಿ ಗುಂಡಿ ತೋಡತೊಡಗಿದ. ಅವಳು ರೊಟ್ಟಿ ಸುತ್ತಿದ ಬಟ್ಟೆ ಬಿಚ್ಚಿದಳು. ಇಬ್ಬರೂ ತಿರುಗಿ ನೋಡಿದಾಗ ದಂಡೆಯಲ್ಲಿ ಟವೆಲು ಮಾತ್ರ ಇತ್ತು. ನೀಟಾಗಿ ಮಡಿಸಿತ್ತು.

ಸ್ತಮಾತ್ ನೀರಿಗೆ ಹಾರಿದ. ಮೂರು ಸಲ ಹೋದ. ಮೂರನೇ ಸಲ ಅವನನ್ನೇ ಮೀನುಗಾರರು ಎಳೆದು ತರಬೇಕಾಯಿತು. ಹೆಣ ಸಿಕ್ಕಿದ್ದು ಸಂಜೆ, ಬಂಡೆಗಳ ಆಚೆ.

ಅವತ್ತಿನಿಂದ ಸ್ತಮಾತ್ ತಲೆಯನ್ನೇ ಆಡಿಸುವುದಿಲ್ಲ. ಕುತ್ತಿಗೆಯಲ್ಲಿ ಕುರು ಎದ್ದವನ ಹಾಗೆ ಸೆಟೆದುಕೊಂಡು ನಡೆಯುತ್ತಾನೆ. ಹೌದು ಎಂದು ಬಾಯಲ್ಲಿ, ಇಲ್ಲ ಎಂದು ಬಾಯಲ್ಲಿ. ಹೋಟೆಲಿನಲ್ಲಿ ಹುಡುಗರು, "ಏನ್ ಮಾಮ, ಕಬ್ಬಿಣದ ಕೋಲು ನುಂಗಿದೀಯಾ?" ಎಂದು ರೇಗಿಸುತ್ತಾರೆ. ಕಾರಣ ರುಸಾಳಿಗೆ ಮಾತ್ರ ಗೊತ್ತು.

ಇದೆಲ್ಲ ಹಾಗೇ ಹೂತುಹೋಗುತ್ತಿತ್ತೇನೋ. ಆದರೆ ನಿನ್ನೆ ಆ ಹೆರಿಟನ ಹೆಂಡತಿ ಮತ್ತೆ ಬಂದಳು. ಟಿನೆಕ ಎಂದು ಹೆಸರು. ಅದೇ ಕೋಣೆ ಕೇಳಿದಳು. ಚಳಿಗಾಲ ಪೂರ್ತಿ ಕೂತು ಇಲ್ಲಿಯ ಭಾಷೆ ಕಲಿತಿದ್ದಳು, ಶಾಲೆ ಮಕ್ಕಳ ಹಾಗೆ ಒಂದೊಂದೇ ಪದ ಇಟ್ಟು ಮಾತಾಡುತ್ತಿದ್ದಳು. ರಾತ್ರಿ ಊಟಕ್ಕೆ ಕೂತಾಗ ತಾನಾಗಿಯೇ ಹೇಳಿದಳು. ಗಂಡನಿಗೆ ನೀರು ಕಂಡರೆ ಹುಚ್ಚು, ಹಿಂದೆ ತಮ್ಮ ದೇಶದ ಸಮುದ್ರದಲ್ಲಿ ಒಮ್ಮೆ ಸಾಯುವ ಹಾಗಾಗಿ ಬದುಕಿದ್ದ. ಅಂದಿನಿಂದ ಅವಳಿಗೆ ಮಾತು ಕೊಟ್ಟಿದ್ದ: ಗೊತ್ತಿಲ್ಲದ ನೀರಿಗೆ ಇಳಿಯುವ ಮುಂಚೆ ಊರಿನವರನ್ನು ಕೇಳುತ್ತೇನೆ, ಬೇಡ ಎಂದರೆ ಇಳಿಯುವುದಿಲ್ಲ.

"ಅವರು ಕೇಳಿದರು," ಎಂದಿದ್ದಳು ಟಿನೆಕ. "ಬೇಡ ಎಂದು ಹೇಳಲಾಯಿತು. ಆದರೂ ಇಳಿದರು. ಪೊಲೀಸರ ಕಾಗದದಲ್ಲಿ ಹಾಗೆಯೇ ಇದೆ. ನಾನು ಒಂದು ವರ್ಷದಿಂದ ಸತ್ತ ಗಂಡನೊಂದಿಗೆ ಜಗಳ ಆಡುತ್ತಿದ್ದೇನೆ. ಅವರು ಉತ್ತರ ಕೊಡುವುದಿಲ್ಲ."

ರುಸಾ ಅದನ್ನು ಕೇಳಿಸಿಕೊಂಡು ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಿದ್ದಳು. ಎದೆಯಲ್ಲಿ ಏನಾದರೂ ಆಗಬೇಕಿತ್ತು, ಆಗಲಿಲ್ಲ. ಹಲ್ಲು ಕೀಳುವಾಗ ಸೂಜಿ ಕೊಟ್ಟ ದವಡೆಯ ಹಾಗೆ, ಒಳಗೆ ಏನೋ ಎಳೆಯುತ್ತಿದ್ದಾರೆ ಎಂದು ಮಾತ್ರ ಗೊತ್ತಾಗುತ್ತಿತ್ತು. ಬೆಳಿಗ್ಗೆ ಎದ್ದವಳೇ ಪುರಸಭೆಯ ಕಾಗದದಲ್ಲಿ ಆ ಸಾಲು ಬರೆದಳು. ಬರೆದು ತಮ್ಮನನ್ನು ಕರೆಸಿದಳು.

"ನಾನು ಅವಳಿಗೆ ಹೇಳ್ತೀನಿ ಕಣೋ," ಎಂದಳು ಈಗ. "ಫಲಕ ಆಮೇಲಿನ ಮಾತು. ಮೊದಲು ಅವಳಿಗೆ ಹೇಳ್ತೀನಿ. ನಾಳೆ ಹೊರಡ್ತಾಳೆ."

"ಹೇಳಿದ್ರೆ ಅವನೇನು ಎದ್ದು ಬರ್ತಾನಾ?"

"ಬರಲ್ಲ. ಮಾತು ತಪ್ಪಿದ ಗಂಡ ಅಂತ ಅವಳ ಮನಸ್ಸಲ್ಲಿ ಅವನು ದಿನಾ ಸಾಯ್ತಾನೆ. ಅಷ್ಟಾದ್ರೂ ನಿಲ್ಲಲಿ."

"ನನ್ನ ಗತಿ?"

"ನಿನ್ನ ಗತಿ ನನಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂತಾಳೆ! ಹೆತ್ತವಳು ಸತ್ತಾಗ ಇವನನ್ನ ನೋಡ್ಕೋ ಅಂತ ಯಾರ ಕೈಗೆ ಕೊಟ್ಟು ಸತ್ತಳು? ಪಕ್ಕದ ಮನೆಯವಳ ಕೈಗಾ?"

ರುಸಾ ಕೈ ತೊಳೆದುಕೊಂಡಳು. ಗಾಯ ಉರಿಯಬೇಕಿತ್ತು. ಉರಿಯಲಿಲ್ಲ.

"ನಿನ್ನನ್ನ ನೋಡ್ಕೊಂಡೇ ಒಂದು ವರ್ಷ ಬಾಯಿ ಮುಚ್ಕೊಂಡಿದ್ದೆ," ಎಂದಳು. "ಅದೇ ಲೆಕ್ಕಕ್ಕೆ ಸಾಕು."

ಬಾಗಿಲ ಬಳಿ ಮರಳು ಕೊಡವುವ ಸದ್ದಾಯಿತು. ಟಿನೆಕ ದಂಡೆಯಿಂದ ವಾಪಸು ಬಂದಿದ್ದಳು. ಚಪ್ಪಲಿ ಕೈಯಲ್ಲಿ ಹಿಡಿದು, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದಳು. ಜಗಳ ಅವಳ ಕಿವಿಗೆ ಬಿದ್ದಿತ್ತು, ಎಷ್ಟು ಅರ್ಥವಾಯಿತೋ ತಿಳಿಯದು.

"ಬನ್ನಿ, ಬನ್ನಿ. ಮೀನು ಹುರೀತೀನಿ, ಕೂತ್ಕೊಳ್ಳಿ," ಎಂದು ರುಸಾ ಎಣ್ಣೆಯ ಬಾಣಲೆಯನ್ನು ಒಲೆಗಿಟ್ಟಳು.

ಟಿನೆಕ ಕೂರಲಿಲ್ಲ. ಸ್ತಮಾತನನ್ನು ನೋಡುತ್ತಿದ್ದಳು.

"ನೀವು ಸ್ತಮಾತ್. ನೀವು ಅವರನ್ನು ಹುಡುಕಲು ನೀರಿಗೆ ಇಳಿದಿರಿ. ಧನ್ಯವಾದ ಹೇಳಲು ನಾನು ದಂಡೆಗೆ ಹೋಗಿದ್ದೆ. ನೀವು ಇರಲಿಲ್ಲ."

ಸ್ತಮಾತ್ ಗಂಟಲು ಸರಿಮಾಡಿಕೊಂಡ. ಮೇಜಿನ ಮೇಲಿನ ಕಾಗದವನ್ನು ಬೋರಲು ಹಾಕಿದ.

"ನಾನು ಒಂದು ಪ್ರಶ್ನೆ ಕೇಳಬಹುದೇ? ಬಹಳ ದಿನಗಳಿಂದ ಅದನ್ನು ಅಭ್ಯಾಸ ಮಾಡಿದ್ದೇನೆ. ತಪ್ಪಿದ್ದರೆ ಕ್ಷಮಿಸಿ." ಅವಳು ಉಸಿರು ಎಳೆದುಕೊಂಡಳು. "ಆ ದಿನ, ನನ್ನ ಗಂಡನಿಗೆ ನೀವು ನೀರಿಗೆ ಹೋಗಬಹುದು ಎಂದು ಹೇಳಿದಿರಾ?"

ಒಂದು ವರ್ಷ ಗೂಟದ ಹಾಗೆ ಬಿಗಿದಿಟ್ಟಿದ್ದ ಕುತ್ತಿಗೆ ಆಗ ಸಡಿಲಿತು. ಸ್ತಮಾತನ ಹುಬ್ಬು ಮೇಲೇರಿತು, ನಾಲಿಗೆ ಅಂಗುಳಕ್ಕೆ ಬಡಿದು 'ತ್ಚ' ಎಂದಿತು, ಗದ್ದ ಮೇಲಕ್ಕೆ ಎದ್ದಿತು. ಇಲ್ಲ. ಇಲ್ಲವೇ ಇಲ್ಲ. ಅದಕ್ಕಿಂತ ಖಡಾಖಂಡಿತವಾಗಿ ಈ ನೆಲದಲ್ಲಿ ಯಾರೂ 'ಇಲ್ಲ' ಎನ್ನಲಾರರು.

ಟಿನೆಕಳ ಕೈಯಿಂದ ಚಪ್ಪಲಿ ಜಾರಿತು.

"ಹೌದೇ?" ಎಂದಳು. "ಹೋಗಬಹುದು ಎಂದಿರಾ?"

"ಇಲ್ಲ ಅಂದೆ! ಈಗ ಇಲ್ಲ ಅಂದೆ!" ಸ್ತಮಾತ್ ಕಿರುಚಿದ. "ಅಕ್ಕಾ, ಹೇಳೇ ಇವಳಿಗೆ!"

"ನೀವು ತಲೆ ಆಡಿಸಿದಿರಿ. ನಾನು ನೋಡಿದೆ."

"ನಮ್ಮಲ್ಲಿ ಹಾಗಂದ್ರೆ ಇಲ್ಲ ಅಂತ, ಅಮ್ಮಾ," ಎಂದಳು ರುಸಾ. ಅವಳ ದನಿ ಅವಳಿಗೇ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸಿತು. "ನಿಮಗೆ ಈಗ ಹೌದು ಅಂತ ಕಾಣಿಸ್ತಲ್ಲ, ಅವರಿಗೂ ಹಾಗೇ ಕಾಣಿಸ್ತು. ಇವನು ಬೇಡ ಅಂದ. ಬಾಯಲ್ಲಿ ಹಗ್ಗ ಇತ್ತು, ಗೋಣಲ್ಲಿ ಅಂದ. ಹೋಗಿ ಅಂದ ಅಂತ ಅವರು ಅಂದ್ಕೊಂಡ್ರು. ಥ್ಯಾಂಕ್ಸ್ ಹೇಳಿ ಹೋದ್ರು. ನಾನು ಅಲ್ಲೇ ನಿಂತಿದ್ದೆ. ನಿಮ್ಮ ಯಜಮಾನರು ಮಾತು ತಪ್ಪಲಿಲ್ಲ. ಕೇಳಿಯೇ ಇಳಿದ್ರು."

ಟಿನೆಕ ಈಗ ಕೂತಳು. ಕುರ್ಚಿಯ ತುದಿಯಲ್ಲಿ, ಬಸ್ಸಿಗೆ ಕಾಯುವವರ ಹಾಗೆ. ಬಾಣಲೆಯಲ್ಲಿ ಎಣ್ಣೆ ಕಾದು ಹೊಗೆಯಾಡತೊಡಗಿತು. ರುಸಾ ಎದ್ದು ಒಲೆ ಆರಿಸಿದಳು.

"ನಮ್ಮ ಪುಸ್ತಕದಲ್ಲಿ ಇದು ಇತ್ತು," ಎಂದಳು ಟಿನೆಕ ಕೊನೆಗೆ. "ಬಲ್ಗೇರಿಯಕ್ಕೆ ಹೋಗುವವರಿಗೆ ಸಲಹೆ. ನೀರು, ಬಿಸಿಲು, ನಾಯಿ. ತಲೆ ಆಡಿಸುವುದೂ ಇತ್ತು. ನಾವು ಕಾರಿನಲ್ಲಿ ಅಣಕಿಸಿ ನಕ್ಕೆವು. ಆದರೆ ಪೆಟ್ರೋಲ್ ಹಾಕುವವನು ನಮ್ಮ ಹಾಗೆಯೇ ಆಡಿಸಿದ. ಹೋಟೆಲಿನವಳೂ ನಮ್ಮ ಹಾಗೆಯೇ. ನೀವೂ," ಎಂದು ಸ್ತಮಾತನ ಕಡೆ ನೋಡಿದಳು, "ಛತ್ರಿ ಕೇಳಿದಾಗ ನೀವೂ ನಮ್ಮ ಹಾಗೆಯೇ ಆಡಿಸಿದಿರಿ. ಪುಸ್ತಕ ಹಳೆಯದಿರಬೇಕು ಎಂದರು ಅವರು."

"ಅದೇ ಅಲ್ವಾ ನಾನು ಹೇಳೋದು!" ಸ್ತಮಾತನಿಗೆ ಒಮ್ಮೆಲೇ ಮಾತು ಬಂತು. ಅವನು ಬಾಗಿ, ಎರಡೂ ಕೈ ಮೇಜಿಗೆ ಊರಿ, ಅವಳ ಮುಖಕ್ಕೆ ಮುಖ ತಂದ. "ನಿಮ್ಮ ಮಾತಲ್ಲಿ ಕೇಳಿದ್ರೆ ನಿಮ್ಮ ಹಾಗೇ ಆಡಿಸ್ತೀನಿ ನಾನು. ಇಪ್ಪತ್ತು ವರ್ಷದಿಂದ ಹಂಗೇ. ಒಂದು ದಿನ ತಪ್ಪಿಲ್ಲ! ಅವತ್ತು ಅವರು ನಮ್ಮ ಮಾತಲ್ಲಿ ಕೇಳಿದ್ರು. 'ಮೋಝೆ' ಅಂದ್ರು. ನಮ್ಮೋರ ಹಾಗೇ ಅಂದ್ರು. ನನ್ನ ತಲೆ ನನ್ನ ಕೇಳ್ದೆ ಆಡ್ತು. ಇಂಗ್ಲಿಷಲ್ಲಿ ಕೇಳಿದ್ರೆ ಇವತ್ತಿಗೂ ಬದುಕಿರ್ತಿದ್ರು. ಆ ಒಂದು ಮಾತು ಅವರಿಗೆ ಯಾರು ಕಲಿಸಿದ್ರೋ, ಅವರನ್ನ ಹೋಗಿ ಕೇಳಿ! ನನ್ನನ್ನಲ್ಲ!"

ಟಿನೆಕ ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ನಾನು," ಎಂದಳು.

"ಏನು?"

"ನಾನು ಕಲಿಸಿದೆ. ಸಲಹೆಯಲ್ಲಿ ಇತ್ತು, ಸ್ಥಳೀಯರ ಭಾಷೆಯಲ್ಲಿ ಎರಡು ಮಾತು ಕಲಿಯಿರಿ, ಅವರಿಗೆ ಸಂತೋಷವಾಗುತ್ತದೆ ಎಂದು. ಆಗ ನನಗೂ ಆ ಎರಡು ಮಾತು ಮಾತ್ರ ಬರುತ್ತಿದ್ದವು. ಅವರು ಕಲಿಯಲು ಸೋಮಾರಿ. ದಾರಿಯುದ್ದಕ್ಕೂ ನಾನು ಹೇಳಿಸಿದೆ. ಮೋಝೆ. ಮೋಝೆ. ಸರಿಯಾಗಿ ಹೇಳುವ ತನಕ ಬಿಡಲಿಲ್ಲ."

ಸ್ತಮಾತ್ ಮೇಜಿನಿಂದ ಕೈ ತೆಗೆದ.

ರುಸಾ ಇದನ್ನು ಎಣಿಸಿರಲಿಲ್ಲ. ಒಂದು ಕಲ್ಲು ಇಳಿಸಲು ಹೋಗಿ ಆ ಹೆಂಗಸಿನ ಹೆಗಲಿಗೆ ಇನ್ನೊಂದು ಹೊರಿಸಿದಂತಾಯಿತು. ಹೇಳದಿದ್ದರೆ ಚೆನ್ನಾಗಿತ್ತೇ ಎಂದು ಯೋಚಿಸಿ ನೋಡಿದಳು. ಯೋಚನೆ ಮುಂದೆ ಹೋಗಲಿಲ್ಲ. ಅವಳು ಒಂದು ಲೋಟ ನೀರು ತಂದು ಟಿನೆಕಳ ಮುಂದಿಟ್ಟಳು. ಇಡುವಾಗ ನೀರು ಚೆಲ್ಲಿತು, ಪುರಸಭೆಯ ಕಾಗದ ನೆನೆಯಿತು. ಯಾರೂ ಅದನ್ನು ಸರಿಸಲಿಲ್ಲ.

"ನನಗೆ ಗೊತ್ತಿರಲಿಲ್ಲ," ಎಂದ ಸ್ತಮಾತ್. "ನಾನು ಸುಮ್ನೆ ಅಂದೆ. ಸಿಟ್ಟಲ್ಲಿ. ಅಮ್ಮಾ, ಸಿಟ್ಟಲ್ಲಿ ಅಂದೆ ನಾನು."

"ಅವರು ಚೆನ್ನಾಗಿ ಹೇಳಿದರೇ? ಆ ಮಾತನ್ನು?"

ಸ್ತಮಾತ್ ಕಿಟಕಿಯ ಕಡೆ ತಿರುಗಿದ.

"ದಯವಿಟ್ಟು ಹೇಳಿ. ಚೆನ್ನಾಗಿ ಹೇಳಿದರೇ?"

"ಚೆನ್ನಾಗಿ ಹೇಳಿದ್ರು," ಎಂದಳು ರುಸಾ. "ಊರಿನವರ ಹಾಗೇ."

ಟಿನೆಕ ನೀರು ಕುಡಿದಳು. ಅರ್ಧ ಕುಡಿದು ಲೋಟ ಇಟ್ಟಳು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಪೊಲೀಸರ ಮಾತೂ ಎತ್ತಲಿಲ್ಲ.

"ಬೈಯಿರಿ ನನ್ನ," ಎಂದ ಸ್ತಮಾತ್. "ಬೈದು ಬಿಡಿ. ಕಪಾಳಕ್ಕೆ ಹೊಡೀರಿ. ಪೊಲೀಸರ ಹತ್ರ ಹೋಗೋಣ ಅಂದ್ರೆ ಈಗ್ಲೇ ಬರ್ತೀನಿ, ಬಸ್ಸಿದೆ ಬುರ್ಗಾಸ್ ಪಟ್ಟಣಕ್ಕೆ. ಏನಾದ್ರೂ ಅನ್ನಿ."

"ನನಗೆ ಅಷ್ಟು ಶಬ್ದಗಳು ಗೊತ್ತಿಲ್ಲ," ಎಂದಳು ಟಿನೆಕ.

ಸ್ತಮಾತ್ ಅಕ್ಕನ ಕಡೆ ತಿರುಗಿದ. ಅಕ್ಕನಾದರೂ ಸೌಟು ಎತ್ತಿಕೊಂಡಾಳೇ ಎಂದು ನೋಡಿದ ಹಾಗಿತ್ತು. ರುಸಾ ಅವನ ಮುಖ ನೋಡಿದಳು. ನೀರಿಗೆ ಬಿದ್ದು ಮೂರು ಸಲ ಹೋಗಿ ಬಂದು, ಮರಳಲ್ಲಿ ಮಲಗಿ ಕೆಮ್ಮುತ್ತಿದ್ದ ಮುಖವೇ. ಅವತ್ತು ಅವಳು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಇವತ್ತು ಎದ್ದು ಎರಡು ಹೆಜ್ಜೆ ಹೋದರೆ ಸಾಕಿತ್ತು. ಕಾಲು ಇದೆ ಎಂದು ಗೊತ್ತಿತ್ತು, ಅಷ್ಟೆ.

"ಕೂತ್ಕೋ," ಎಂದಳು. "ಮೀನು ಹುರೀತೀನಿ. ಮೂರೂ ಜನ ತಿನ್ನೋಣ."

"ನಂಗೆ ಬೇಡ."

"ತಿನ್ನದೆ ಏನು ಮಾಡ್ತೀಯ?"

"ಬೇಡ ಅಂದೆನಲ್ಲ. ಬಾಯಲ್ಲೇ ಅಂದೆನಲ್ಲ ಈಗ!"

ಅವನು ಹಿತ್ತಲ ಬಾಗಿಲು ತೆರೆದು ಹೊರಗೆ ಹೋದ. ಬಾಗಿಲು ಬಡಿಯಲಿಲ್ಲ, ನಿಧಾನವಾಗಿ ಎಳೆದುಕೊಂಡ, ಮಲಗಿದವರಿರುವ ಮನೆಯಿಂದ ಹೋಗುವ ಹಾಗೆ. ಕಿಟಕಿಯಾಚೆ ಅಂಜೂರದ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತದ್ದು ಕಾಣಿಸಿತು. ಆಮೇಲೆ ದಂಡೆಯ ಕಡೆ ಹೋಗದೆ, ಮೇಲೆ, ಬುರ್ಗಾಸಿನ ಬಸ್ಸು ನಿಲ್ಲುವ ಹೆದ್ದಾರಿಯ ಕಡೆ ತಿರುಗಿದ.

"ಸ್ತಮಾತ್!" ಎಂದು ರುಸಾ ಕೂಗಿದಳು. "ಲೋ, ತಣ್ಣಗಾಗತ್ತೆ, ಬೇಗ ಬಾ!"

ಅವಳು ಒಲೆ ಹಚ್ಚಿದಳು. ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ, ಎಣ್ಣೆಗೆ ಬಿಟ್ಟು, ಗರಿಗರಿಯಾಗಿ ತೆಗೆದಳು. ಟಿನೆಕಳ ತಟ್ಟೆಗೆ ಬಡಿಸಿದಳು, ತನಗೆ ಬಡಿಸಿಕೊಂಡಳು, ತಮ್ಮನ ಪಾಲನ್ನು ಒಂದು ತಟ್ಟೆಯಲ್ಲಿ ಹಾಕಿ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು. ಇಬ್ಬರು ಹೆಂಗಸರೂ ತಿಂದರು. ಮುಳ್ಳು ತೆಗೆಯದೆ ಹಾಗೇ ತಿನ್ನಬಹುದು ಎಂದು ರುಸಾ ತೋರಿಸಿಕೊಟ್ಟಳು. ಟಿನೆಕ ಹಾಗೇ ತಿಂದಳು.

ಮಾರನೆಯ ದಿನ ಟಿನೆಕ ಹೊರಟಾಗಲೂ ಮುಚ್ಚಿದ ತಟ್ಟೆ ಅಲ್ಲೇ ಇತ್ತು. ಸಂಜೆ ರುಸಾ ಅದನ್ನು ಬೆಕ್ಕಿಗೆ ಹಾಕಿದಳು. ದಂಡೆಯ ಕಾವಲಿಗೆ ಆ ವಾರ ಬುರ್ಗಾಸಿನಿಂದ ಬೇರೊಬ್ಬ ಬಂದ. ಬೇಸಿಗೆ ಮುಗಿಯಿತು, ಛತ್ರಿಗಳು ಗೋದಾಮು ಸೇರಿದವು. ಸ್ತಮಾತ್ ಬರಲಿಲ್ಲ.